ಸಿಬ್ಬಂದಿ ಇಲ್ಲ ಎನ್ನುವವರೇ, ನಾವು ಇಲ್ಲೇ ಇದ್ದೇವೆ

ಸ್ಥಳೀಯ ಸಂಸ್ಥೆಯ ಕಚೇರಿಗೆ ಯಾವ ಕೆಲಸಕ್ಕೆ ಹೋದರೂ ಈಗ ಸಿಗುವ ಉತ್ತರ ಒಂದೇ: ಸಿಬ್ಬಂದಿ ಇಲ್ಲ. ಜನನ ಪ್ರಮಾಣಪತ್ರದಲ್ಲಿ ತಪ್ಪಾಗಿ ಬಿದ್ದ ಒಂದಕ್ಷರವನ್ನು ತಿದ್ದಲು ಸಿಬ್ಬಂದಿ ಇಲ್ಲ, ನೀರಿನ ಸಂಪರ್ಕದ ಅರ್ಜಿಯನ್ನು ಪರಿಶೀಲಿಸಲು ಸಿಬ್ಬಂದಿ ಇಲ್ಲ, ಕಟ್ಟಿಕೊಂಡ ಚರಂಡಿಯನ್ನು ಹೋಗಿ ನೋಡಿ ಬರಲೂ ಸಿಬ್ಬಂದಿ ಇಲ್ಲ. ಈ ಉತ್ತರವನ್ನು ಕೇಳಿಸಿಕೊಂಡು ಸಾಲಿನಲ್ಲಿ ನಿಂತವರ ಪೈಕಿ, ಓದು ಮುಗಿಸಿ ವರ್ಷಗಳಿಂದ ಕೆಲಸ ಹುಡುಕುತ್ತಿರುವ ನನ್ನಂಥವರು ಎಷ್ಟೋ ಮಂದಿ ಇರುತ್ತಾರೆ. ಕೆಲಸ ಮಾಡುವವರಿಲ್ಲ ಎನ್ನುವ ಕಚೇರಿ ಮತ್ತು ಕೆಲಸವಿಲ್ಲದ ಜನ ಒಂದೇ ಕಿಟಕಿಯ ಎರಡು ಬದಿಯಲ್ಲಿದ್ದಾರೆ. ಅವರನ್ನು ಸೇರಿಸುವ ಅಧಿಕಾರವುಳ್ಳವರು ಮಾತ್ರ ಎರಡೂ ಕಡೆಯವರಿಗೆ ತಾಳ್ಮೆಯ ಉಪದೇಶ ಮಾಡಿಕೊಂಡು ಕುಳಿತಿದ್ದಾರೆ. ನನ್ನ ತಾಳ್ಮೆ ಮುಗಿದಿದೆ.

ಈ ಕೊರತೆ ಯಾರಿಗೂ ಗೊತ್ತಾಗದಂತೆ ಬಂದದ್ದಲ್ಲ. ಒಬ್ಬ ನೌಕರ ಯಾವ ವರ್ಷದ ಯಾವ ತಿಂಗಳಲ್ಲಿ ನಿವೃತ್ತನಾಗುತ್ತಾನೆ ಎಂಬುದು ಅವನು ಸೇವೆಗೆ ಸೇರಿ ಜನ್ಮದಿನಾಂಕ ಬರೆಸಿದ ದಿನವೇ ಸೇವಾ ಪುಸ್ತಕದಲ್ಲಿ ನಿಗದಿಯಾಗಿಬಿಡುತ್ತದೆ. ಅಷ್ಟು ವರ್ಷ ಮೊದಲೇ ತಿಳಿದಿರುವ ಸಂಗತಿಗೆ ಸಿದ್ಧತೆ ಮಾಡಿಕೊಳ್ಳದೆ, ಬೀಳ್ಕೊಡುಗೆಯ ಹಾರ ಹಾಕಿದ ಮರುದಿನ ಅದೇ ಮೇಜಿನ ಕಡತಗಳನ್ನು ಪಕ್ಕದ ಮೇಜಿಗೆ ಹೊರಿಸಿ, ಅದಕ್ಕೆ ಹೆಚ್ಚುವರಿ ಪ್ರಭಾರ ಎಂದು ಆದೇಶ ಹೊರಡಿಸುತ್ತಾರೆ. ಹುದ್ದೆ ಖಾಲಿ ಇದ್ದಷ್ಟು ದಿನ ಸಂಬಳದ ಹಣ ಉಳಿಯುತ್ತದೆ, ಉಳಿದ ಹಣ ಲೆಕ್ಕಪತ್ರದಲ್ಲಿ ಮಿತವ್ಯಯವಾಗಿ ಕಾಣುತ್ತದೆ. ಆ ಉಳಿತಾಯದ ಬೆಲೆಯನ್ನು ಸಾಲಿನಲ್ಲಿ ನಿಂತವರು ತಮ್ಮ ದಿನಗೂಲಿ ಕಳೆದುಕೊಂಡು ಕಟ್ಟುತ್ತಿದ್ದಾರೆ ಎಂಬುದು ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ.

ನಾನು ಹೋಗುವ ಕಚೇರಿಯ ಒಂದು ಮೇಜಿನ ಸ್ಥಿತಿಯನ್ನು ಹೇಳುತ್ತೇನೆ. ಜನನ ಮರಣ ನೋಂದಣಿ, ಪರವಾನಗಿ ನವೀಕರಣ, ಟಪಾಲು ಈ ಮೂರನ್ನೂ ಒಬ್ಬರೇ ಗುಮಾಸ್ತೆ ನೋಡಿಕೊಳ್ಳುತ್ತಾರೆ. ಒಬ್ಬ ವೃದ್ಧರ ಪತ್ನಿಯ ಮರಣ ಪ್ರಮಾಣಪತ್ರಕ್ಕೆಂದು ಅವರು ಕಂಪ್ಯೂಟರಿನಲ್ಲಿ ಆ ಪುಟವನ್ನು ತೆರೆದಿದ್ದರು. ಅಷ್ಟರಲ್ಲಿ ಮೇಲಧಿಕಾರಿಗಳ ಫೋನು ಬಂತು, ಸಂಜೆಯೊಳಗೆ ಯಾವುದೋ ಅಂಕಿಅಂಶದ ತಃಖ್ತೆ ಬೇಕಂತೆ. ತೆರೆದ ಪುಟವನ್ನು ಮುಚ್ಚಿ ಅವರು ತಃಖ್ತೆ ತುಂಬಲು ಕುಳಿತರು. ವೃದ್ಧರು ಪ್ಲಾಸ್ಟಿಕ್ ಕವರಿನಲ್ಲಿಟ್ಟ ಕಾಗದಗಳನ್ನು ಎದೆಗೆ ಒತ್ತಿಕೊಂಡು ಹಾಗೇ ನಿಂತಿದ್ದರು. ಹಿಂದಿನಿಂದ ಜನ ಕೂಗಾಡಿದ್ದು ಆ ಗುಮಾಸ್ತೆಯ ಮೇಲೆ. ಆಕೆಯ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ. ಮೂವರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿ, ಜನರ ಬೈಗುಳಕ್ಕೂ ಅವರನ್ನೇ ಮುಂದೊಡ್ಡಿದವರ ಮೇಲೆ ನನ್ನ ಸಿಟ್ಟು.

ಅದೇ ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಪದವಿ ಮುಗಿಸಿದ ಒಬ್ಬ ಹುಡುಗಿ ಕುಳಿತು ಜನರಿಗೆ ಅರ್ಜಿ ತುಂಬಿಕೊಡುತ್ತಾಳೆ. ಯಾವ ಕೆಲಸಕ್ಕೆ ಯಾವ ನಮೂನೆ, ಅದರೊಂದಿಗೆ ಲಗತ್ತಿಸಬೇಕಾದ ಪ್ರತಿಗಳು ಯಾವುವು, ಯಾವ ಕಾಲಂ ಬಿಟ್ಟರೆ ಅರ್ಜಿ ವಾಪಸ್ಸಾಗುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಕಚೇರಿಯ ಒಳಗಿನವರೇ ಜನರನ್ನು ಅವಳ ಬಳಿಗೆ ಕಳಿಸುತ್ತಾರೆ, ಹೊರಗೆ ಕುಳಿತಿರುವ ಆ ಹುಡುಗಿಯ ಹತ್ತಿರ ಬರೆಸಿಕೊಂಡು ಬನ್ನಿ ಎನ್ನುತ್ತಾರೆ. ಜನ ಕೊಟ್ಟ ಚಿಲ್ಲರೆಯಷ್ಟೇ ಅವಳ ಸಂಪಾದನೆ. ಅವಳು ಅಲ್ಲಿನ ತಾತ್ಕಾಲಿಕ ಹುದ್ದೆಯೊಂದಕ್ಕೆ ಅರ್ಜಿ ಹಾಕಿದಾಗ, ಕಚೇರಿ ಕೆಲಸದ ಅನುಭವ ಇಲ್ಲ ಎಂಬ ಕಾರಣ ಬರೆದು ತಿರಸ್ಕರಿಸಿದರು. ಈ ಅನ್ಯಾಯವನ್ನು ನೆನೆದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಸೇರಿಸಿಕೊಳ್ಳದೆ ಅನುಭವ ಎಲ್ಲಿಂದ ಬರಬೇಕು? ಬಂದ ಅನುಭವ ಕಣ್ಣೆದುರಿಗೇ ಕುಳಿತಿದ್ದರೂ, ಯಾರದೋ ಸಹಿ ಮತ್ತು ಮೊಹರು ಇಲ್ಲ ಎಂಬ ಒಂದೇ ಕಾರಣಕ್ಕೆ ಅದು ಇಲ್ಲದಂತಾಗಬೇಕೇ?

ಕಾಯಂ ನೇಮಕಾತಿಯ ಕಥೆಯನ್ನು ಹೆಚ್ಚು ಬೆಳೆಸುವುದಿಲ್ಲ, ಅರ್ಜಿ ಹಾಕಿದವರಿಗೆಲ್ಲ ಅದು ಗೊತ್ತಿದೆ. ಅಧಿಸೂಚನೆ, ಶುಲ್ಕ, ಪರೀಕ್ಷೆ, ಆಕ್ಷೇಪಣೆ, ದಾಖಲೆ ಪರಿಶೀಲನೆ, ತಡೆಯಾಜ್ಞೆ ಎಂದು ಕಾಯುತ್ತಿರುವಾಗಲೇ ನಮ್ಮ ವಯೋಮಿತಿ ಮೀರಿಹೋಗುತ್ತದೆ. ತಡ ಮಾಡಿದವರಿಗೆ ಮಾತ್ರ ಯಾವ ಮಿತಿಯೂ ಇಲ್ಲ.

ನಿರುದ್ಯೋಗಿಗಳಿಗೆ ನೆರವು ಎಂಬ ಹೆಸರಿನಲ್ಲಿ ನಡೆಯುವುದೇನು ಎಂದು ನೋಡಿದರೆ ಇನ್ನಷ್ಟು ಸಂಕಟವಾಗುತ್ತದೆ. ನಮ್ಮನ್ನು ಒಂದು ಸಭಾಂಗಣದಲ್ಲಿ ಕೂರಿಸಿ, ಸ್ವವಿವರ ಬರೆಯುವುದು ಹೇಗೆ, ಸಂದರ್ಶನದಲ್ಲಿ ಕೈ ಎಲ್ಲಿಡಬೇಕು, ಆತ್ಮವಿಶ್ವಾಸ ಹೆಚ್ಚಿಸಿಕೊಳ್ಳುವುದು ಹೇಗೆ ಎಂದು ಕಲಿಸುತ್ತಾರೆ, ಕೊನೆಗೆ ಒಂದು ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ. ತೆರಿಗೆ ಲೆಕ್ಕ ಬರೆಯುವವರು, ನೀರಿನ ಮೀಟರು ಓದುವವರು, ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವವರು ಬೇಕೆಂದು ಅದೇ ಊರಿನ ಕಚೇರಿ ಕೈಚೆಲ್ಲಿ ಕುಳಿತಿರುವಾಗ, ಆ ಕೆಲಸವನ್ನೇ ಕಲಿಸೋಣ ಎಂದು ಒಬ್ಬರಿಗೂ ತೋಚುವುದಿಲ್ಲ.

ಕೆಲಸ ಕೊಟ್ಟಂತೆ ಮಾಡಿ ಕೊಡದಿರುವ ದಾರಿಗಳಿಗೂ ಕೊರತೆಯಿಲ್ಲ. ಜರ್ಮನಿಯಲ್ಲಿ 2005ರಿಂದ ನಿರುದ್ಯೋಗ ಭತ್ಯೆಯ ಮೇಲೆ ಗಂಟೆಗೆ ಒಂದೆರಡು ಯೂರೊ ಸೇರಿಸಿ ಸಾರ್ವಜನಿಕ ಕೆಲಸ ಮಾಡಿಸುವ ಪದ್ಧತಿ ಬಂತು. ಕಾಯಂ ನೌಕರರ ಕೆಲಸಕ್ಕೆ ಕುತ್ತು ಬರಬಾರದೆಂದು, ಅದು ಹೆಚ್ಚುವರಿ ಕೆಲಸ ಮಾತ್ರ ಆಗಿರಬೇಕೆಂಬ ನಿಯಮವಿತ್ತು. ನಿಯಮದ ಉದ್ದೇಶ ಸರಿಯಾದದ್ದೇ, ಆದರೆ ನಿಜವಾಗಿ ಜನ ಬೇಕಿರುವ ಹುದ್ದೆಯ ಹತ್ತಿರ ಹೋಗುವ ದಾರಿ ಅದರಲ್ಲಿ ತೆರೆಯಲಿಲ್ಲ. ಹಂಗೆರಿಯಲ್ಲಿ 2011ರಿಂದ ಸ್ಥಳೀಯ ಸಂಸ್ಥೆಗಳ ಮೂಲಕ ಲೋಕೋಪಯೋಗಿ ಕೆಲಸ ಮಾಡಿದ ನಿರುದ್ಯೋಗಿಗಳಿಗೆ ಕನಿಷ್ಠ ವೇತನಕ್ಕಿಂತಲೂ ಕಡಿಮೆ ಕೂಲಿ ನಿಗದಿ ಮಾಡಿದರು. ಇಟಲಿಯಲ್ಲಿ 1990ರ ದಶಕದಲ್ಲಿ ಸಮಾಜೋಪಯೋಗಿ ಕೆಲಸದ ಹೆಸರಿನಲ್ಲಿ ಪುರಸಭೆಗಳಿಗೆ ಸೇರಿದ ನಿರುದ್ಯೋಗಿಗಳಲ್ಲಿ ಅನೇಕರು, ಕಚೇರಿಯನ್ನು ವರ್ಷಾನುಗಟ್ಟಲೆ ನಡೆಸಿದರೂ ನೌಕರರೆನಿಸಿಕೊಳ್ಳದೆ ಕೂದಲು ನೆರೆಸಿಕೊಂಡರು. ಕೆಲಸಕ್ಕೆ ಬೇಕು, ಹಾಜರಿ ಪುಸ್ತಕಕ್ಕೆ ಬೇಡ ಎಂದರೆ ಇದೇ.

ಇದಕ್ಕೆ ಬೇರೆ ದಾರಿಯೇ ಇಲ್ಲ ಎಂಬ ಮಾತನ್ನು ಮಾತ್ರ ನನ್ನೆದುರು ಹೇಳಬೇಡಿ. ವಿಯೆನ್ನಾದ ಹತ್ತಿರದ ಗ್ರಾಮಾಟ್‌ನಾಯ್‌ಸೀಡ್ಲ್ ಎಂಬ ಸಣ್ಣ ಊರಿನಲ್ಲಿ 2020ರ ಅಕ್ಟೋಬರಿನಿಂದ, ಒಂದು ವರ್ಷಕ್ಕೂ ಹೆಚ್ಚು ಕಾಲ ಕೆಲಸವಿಲ್ಲದೆ ಉಳಿದ ಪ್ರತಿಯೊಬ್ಬರಿಗೂ, ಬೇಕೆಂದರೆ ಸಂಬಳದ ಕೆಲಸ ಕೊಡುವ ಪ್ರಯೋಗ ನಡೆಯಿತು. ಮೊದಲು ಎರಡು ತಿಂಗಳ ಸಿದ್ಧತೆ, ಆಮೇಲೆ ಅವರವರ ಶಕ್ತಿಗೆ ಹೊಂದುವ ಕೆಲಸ, ಒಪ್ಪದವರ ಮೇಲೆ ಬಲವಂತವಿಲ್ಲ. ಆ ಊರಿನದೇ ಭಾಗವಾದ ಮರೀಂಟಾಲ್‌ನಲ್ಲಿ 1930ರ ಹೊತ್ತಿಗೆ ಬಟ್ಟೆ ಗಿರಣಿ ಮುಚ್ಚಿದಾಗ, ಜನರ ಕೈಯಲ್ಲಿ ಬೇಕಾದಷ್ಟು ಬಿಡುವಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದದ್ದನ್ನು ಅಲ್ಲಿಗೆ ಹೋದ ಸಂಶೋಧಕರು ದಾಖಲಿಸಿದ್ದರು. ಕೆಲಸವಿಲ್ಲದವನಿಗೆ ಓದಲು, ಕಲಿಯಲು ಸಮಯ ಧಾರಾಳವಾಗಿದೆಯಲ್ಲ ಎಂದು ನಮಗೆ ಹೇಳುವವರು ಈ ಸಂಗತಿಯನ್ನು ತಿಳಿದುಕೊಳ್ಳಬೇಕು. ಯಾರಿಗೂ ಬೇಡವಾದೆ ಎಂದು ಅನ್ನಿಸತೊಡಗಿದರೆ ಪುಸ್ತಕ ಹಿಡಿಯುವ ಮನಸ್ಸೂ ಉಳಿಯುವುದಿಲ್ಲ. ಅದು ನನಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಅಮೆರಿಕದ ಉದಾಹರಣೆ ಕೊಟ್ಟು ಬಾಯಿ ಮುಚ್ಚಿಸುವವರೂ ಇದ್ದಾರೆ. ಅಲ್ಲಿ 1973ರ ಕಾನೂನಿನಡಿ ನಿರುದ್ಯೋಗಿಗಳಿಗೆ ಸ್ಥಳೀಯ ಸಂಸ್ಥೆಗಳಲ್ಲಿ ಕೆಲಸ ಕೊಟ್ಟರು, 1978ರಲ್ಲಿ ಅಂಥವರ ಸಂಖ್ಯೆ 7 ಲಕ್ಷ ದಾಟಿತ್ತು. ತಾವೇ ಸಂಬಳ ಕೊಟ್ಟು ನೇಮಿಸಿಕೊಳ್ಳಬೇಕಾದವರಿಗೂ ಕೆಲವು ನಗರಗಳು ಕೇಂದ್ರದ ಹಣವನ್ನೇ ಬಳಸಿಕೊಂಡವೆಂಬ ಆರೋಪ ಬಂತು, 1980ರ ದಶಕದ ಆರಂಭದಲ್ಲಿ ಆ ಹುದ್ದೆಗಳಿಗೆ ಹಣ ನಿಂತಿತು. ಇದರಿಂದ ನನಗೆ ಕಾಣುವುದು ಇಷ್ಟೇ: ಹೊರಗಿನಿಂದ ಬರುವ ತಾತ್ಕಾಲಿಕ ಅನುದಾನದ ಮೇಲೆ ಹುದ್ದೆ ನಿಲ್ಲಿಸಿದರೆ ಅನುದಾನದ ಜೊತೆಗೇ ಅದೂ ಬೀಳುತ್ತದೆ. ನಾವು ಕೇಳುತ್ತಿರುವುದು ಹೊಸದಾಗಿ ಸೃಷ್ಟಿಸಿದ ಹುದ್ದೆಗಳನ್ನಲ್ಲ. ಈಗಾಗಲೇ ಮಂಜೂರಾಗಿ, ದುಡ್ಡು ತೆಗೆದಿಟ್ಟು, ಖಾಲಿ ಬಿಟ್ಟಿರುವ ಹುದ್ದೆಗಳನ್ನು.

ನಿವೃತ್ತರಾಗುವ ನೌಕರರ ಪಕ್ಕದಲ್ಲಿ, ಅವರು ಹೊರಡುವ ಕೆಲವು ತಿಂಗಳ ಮೊದಲೇ ಒಬ್ಬ ನಿರುದ್ಯೋಗಿಯನ್ನು ಸಂಬಳ ಕೊಟ್ಟು ಕೂರಿಸಿ. ಯಾವ ವಹಿಯ ಯಾವ ಪುಟದಲ್ಲಿ ಏನಿದೆ ಎಂಬುದನ್ನು ಆ ಹಿರಿಯರಷ್ಟು ಚೆನ್ನಾಗಿ ಯಾವ ತರಬೇತಿ ಶಿಬಿರವೂ ಕಲಿಸುವುದಿಲ್ಲ. ಆಯ್ಕೆ ಎಲ್ಲರ ಎದುರಿಗೆ, ಮೊದಲೇ ಹೇಳಿದ ನಿಯಮದ ಪ್ರಕಾರ ನಡೆಯಲಿ. ಶಿಫಾರಸು ತಂದವರು ಹಿಂದಿನ ಬಾಗಿಲಿನಿಂದ ನುಗ್ಗಲು ಇದು ಇನ್ನೊಂದು ನೆಪವಾಗುವುದಾದರೆ ನಮಗೆ ಬೇಡವೇ ಬೇಡ. ಕಲಿಯುವ ಅವಧಿ ಮುಗಿಸಿ ಕೆಲಸ ಬಲ್ಲೆನೆಂದು ತೋರಿಸಿದವರಿಗೆ ಆ ಹುದ್ದೆಯನ್ನೇ ಕೊಡಿ, ಕೈ ಪಳಗಿದ ಹೊತ್ತಿಗೆ ಮನೆಗೆ ಕಳಿಸಿ ಇನ್ನೊಬ್ಬ ಹೊಸಬರನ್ನು ತರಬೇಡಿ. ಸರ್ಕಾರದ ವಿಳಂಬದಿಂದ ವಯಸ್ಸು ಮೀರಿದವರಿಗೆ ಆ ವಿಳಂಬದಷ್ಟಾದರೂ ವಯೋಮಿತಿ ಸಡಿಲಿಸಿ. ಯಾವ ಹುದ್ದೆ ಯಾವ ದಿನದಿಂದ ಖಾಲಿ ಇದೆ, ಅದನ್ನು ತುಂಬುವ ಪ್ರಸ್ತಾವನೆ ಈಗ ಯಾವ ಅಧಿಕಾರಿಯ ಮೇಜಿನ ಮೇಲೆ ನಿಂತಿದೆ ಎಂಬುದನ್ನು ಪ್ರತಿ ತಿಂಗಳೂ ಸೂಚನಾ ಫಲಕದಲ್ಲಿ ಬರೆದು ಹಾಕಿ. ನಾವು ಆ ಮೇಜಿನ ಮುಂದೆಯೇ ಹೋಗಿ ನಿಲ್ಲುತ್ತೇವೆ.