ಹಳೆಯ ಗಾದಿ ಎಲ್ಲಿಗೆ ಹೋಗಬೇಕು?

ರಾಯಚೂರು ಕೋಟೆಯ ಕಂದಕದ ಅಂಚಿಗೆ ಮೊನ್ನೆ ಮತ್ತೊಂದು ಸೋಫಾ ಬಂದು ಬಿದ್ದಿದೆ. ಅದರ ರೆಕ್ಸಿನ್ ಹರಿದಿದೆ, ಒಳಗಿನ ಫೋಮನ್ನು ನಾಯಿಗಳು ಕಿತ್ತು ಎಳೆದಾಡಿವೆ, ಅದರ ಕೆಳಗೆ ಹೋದ ತಿಂಗಳು ಬಿದ್ದ ಗಾದಿಯ ಹತ್ತಿ ಮಳೆಗೆ ತೊಯ್ದು ಕಪ್ಪಾಗಿ ನಾರುತ್ತಿದೆ. 1294ರ ಶಾಸನವನ್ನು ಹೊತ್ತ ಕೋಟೆಗೆ ನಾವು ಕೊಡುವ ಮರ್ಯಾದೆ ಇದೇನೆ?

ಕಸದ ಗಾಡಿಯವರಿಗೆ ಮುರಿದ ಪ್ಲೈವುಡ್ ಕಪಾಟನ್ನು ತೋರಿಸಿದರೆ, ಹಸಿ ಕಸ, ಒಣ ಕಸ ಬಿಟ್ಟು ಬೇರೇನನ್ನೂ ಒಯ್ಯುವುದಿಲ್ಲ ಎಂದು ಮುಂದೆ ಸಾಗುತ್ತಾರೆ. ಗುಜರಿಯವರು ಕಬ್ಬಿಣವನ್ನಷ್ಟೇ ಬಿಚ್ಚಿಕೊಂಡು ಉಳಿದುದನ್ನು ಬಾಗಿಲಲ್ಲೇ ಬಿಟ್ಟು ಹೋಗುತ್ತಾರೆ. ಹಾಗಾದರೆ ಎರಡು ಕೋಣೆಯ ಬಾಡಿಗೆ ಮನೆಯವರು ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು? ಕೊನೆಗೆ ಕತ್ತಲಾದ ಮೇಲೆ ಗೂಡ್ಸ್ ಆಟೊ ಬರುತ್ತದೆ, ಬೆಳಗಾಗುವಷ್ಟರಲ್ಲಿ ಖಾಲಿ ನಿವೇಶನವೋ ರಾಜಕಾಲುವೆಯೋ ತುಂಬಿರುತ್ತದೆ. ಹಾಗೆ ಎಸೆಯುವವರನ್ನು ನಾನು ಕ್ಷಮಿಸಲಾರೆ, ಆದರೆ ಅವರಿಗೆ ಬೇರೆ ದಾರಿಯನ್ನೇ ತೋರಿಸದ ವ್ಯವಸ್ಥೆಯನ್ನು ಹೇಗೆ ಕ್ಷಮಿಸಲಿ?

ಬೀದಿಗೆ, ಚರಂಡಿಗೆ, ಕೆರೆಗೆ ಕಸ ಎಸೆಯಬಾರದು, ಸುಡಬಾರದು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಹಳೆಯ ಟೈರುಗಳಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ ಎಂದು ಆಶಾ ಕಾರ್ಯಕರ್ತೆಯರು ಪ್ರತಿ ಮಳೆಗಾಲದಲ್ಲೂ ಮನೆಮನೆಗೆ ಬಂದು ಹೇಳುತ್ತಾರೆ. ಬೇಸಿಗೆಯಲ್ಲಂತೂ ಈ ರಾಶಿಗೆ ಯಾರೋ ಬೆಂಕಿ ಹಚ್ಚುತ್ತಾರೆ. ಫೋಮು ಉರಿದ ಕರಿಹೊಗೆ ಓಣಿಯನ್ನೆಲ್ಲ ತುಂಬಿ, ಉಬ್ಬಸವಿರುವ ವೃದ್ಧರು ಸೆಖೆಯಲ್ಲೂ ಕಿಟಕಿ ಮುಚ್ಚಿಕೊಂಡು ಕೂರಬೇಕಾಗುತ್ತದೆ. ವರ್ಷಕ್ಕೆ ನಾಲ್ಕು ದಿನ ವಾರ್ಡಿಗೊಂದು ಟ್ರ್ಯಾಕ್ಟರ್ ಕಳುಹಿಸಿ ಇಂಥ ಹಳೆಯ ಸಾಮಾನನ್ನೆಲ್ಲ ಮನೆ ಬಾಗಿಲಿಂದಲೇ ಒಯ್ಯುವುದು ಒಂದು ನಗರಕ್ಕೆ ಅಷ್ಟು ಅಸಾಧ್ಯವೆ?