ಹಾಡು ಹೇಳಿದ್ದು ಯಾರು, ದುಡ್ಡು ಬಂದದ್ದು ಯಾರಿಗೆ?

ಮೂರು ವರ್ಷದ ಹಿಂದೆ ಶಿರಸಿ ಹತ್ತಿರದ ನಮ್ಮೂರಲ್ಲಿ ಒಂದು ಮದುವೆ ಆಯಿತು. ಮದುಮಗಳನ್ನು ಹಸೆಗೆ ಕರೆಯುವ ಹಾಡು ಹೇಳಿದ್ದು ನನ್ನ ಸೋದರತ್ತೆ. ಅವರಿಗೆ ಈಗ 68. ಎಣ್ಣೆ ಶಾಸ್ತ್ರದಿಂದ ಹಿಡಿದು ಹೆಣ್ಣೊಪ್ಪಿಸುವವರೆಗೆ ಒಂದೊಂದು ಹೊತ್ತಿಗೂ ಅವರ ಬಾಯಲ್ಲಿ ಹಾಡಿದೆ. ಯಾರೂ ಬರೆದುಕೊಟ್ಟದ್ದಲ್ಲ. ಅವರ ಅಜ್ಜಿಯಿಂದ ಕೇಳಿ ಕಲಿತದ್ದು.

ಮದುವೆ ಮುಗಿದು ನಾಲ್ಕು ತಿಂಗಳಿಗೆ ಆ ಹಾಡಿನ ವಿಡಿಯೊ ವಾಟ್ಸಾಪ್‌ನಲ್ಲಿ ಅತ್ತೆಯ ಫೋನಿಗೇ ಬಂತು. ಪಕ್ಕದೂರಿನ ಒಬ್ಬ ಹುಡುಗ ಅದನ್ನು ಯೂಟ್ಯೂಬಿಗೆ ಹಾಕಿದ್ದ. ಲಕ್ಷಗಟ್ಟಲೆ ಜನ ನೋಡಿದ್ದರು. ವಿಡಿಯೊದಲ್ಲಿ ಅತ್ತೆಯ ಮುಖ ಇತ್ತು, ದನಿ ಇತ್ತು. ಹೆಸರು ಮಾತ್ರ ಇರಲಿಲ್ಲ. ವಿಡಿಯೊ ನಡುವೆ ಜಾಹೀರಾತು ಬರುತ್ತಿತ್ತು. ಜಾಹೀರಾತು ಬಂದರೆ ಹಾಕಿದವರಿಗೆ ದುಡ್ಡು ಬರುತ್ತದೆ ಎಂದು ಯಾರೋ ಅತ್ತೆಗೆ ಹೇಳಿದರು. ಅವರು ನನಗೆ ಫೋನ್ ಮಾಡಿ ಒಂದೇ ಮಾತು ಕೇಳಿದರು. 'ಹಾಡು ಹೇಳಿದ್ದು ಆನು, ದುಡ್ಡು ಅವಂಗೆ ಎಂತಕ್ಕೆ ಬತ್ತು ತಮಾ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಹುಡುಕಿಕೊಂಡು ಹೊರಟ ಕತೆಯೇ ಈ ಬರಹ. ಸ್ವಲ್ಪ ಉದ್ದ ಇದೆ, ಕೊನೆಯವರೆಗೆ ಓದಿ.

ಮೊದಲು ಆ ಹುಡುಗನ ಮನೆಗೇ ಹೋದೆ. ಅವನೇನೂ ಕೆಟ್ಟವನಲ್ಲ. 'ಅಣ್ಣಾ, ಅದು ಹಳೇ ಹಾಡು. ಯಾರದ್ದೂ ಅಲ್ಲ ಅಲ್ವಾ?' ಅಂದ. ಹಾಡಿನ ಮಟ್ಟಿಗೆ ಅವನು ಹೇಳಿದ್ದು ಸರಿ. ಆ ಸಾಹಿತ್ಯಕ್ಕೆ ಯಾರೂ ಒಡೆಯರಿಲ್ಲ. ಆದರೆ ಅವತ್ತು ಆ ಚಪ್ಪರದಲ್ಲಿ ಆ ಹಾಡನ್ನು ಹೇಳಿದ ದನಿಗೆ ಒಡೆಯರಿದ್ದಾರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 38ನೇ ಕಲಮಿನಲ್ಲಿ ಪ್ರದರ್ಶಕರ ಹಕ್ಕು ಅಂತ ಒಂದಿದೆ. ಹಾಡುವವರು, ಕುಣಿಯುವವರು, ನುಡಿಸುವವರು, ವೇಷ ಮಾಡುವವರು ಎಲ್ಲರೂ ಅದರಲ್ಲಿ ಬರುತ್ತಾರೆ. ಆ ಹಕ್ಕು 50 ವರ್ಷ ಇರುತ್ತದೆ. 2012ರ ತಿದ್ದುಪಡಿ ಬಂದ ಮೇಲೆ, ಆ ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ರಾಯಧನದಲ್ಲೂ ಪಾಲಿದೆ. ಇದು ನಮ್ಮ ಜಿಲ್ಲೆಯ ಎಷ್ಟು ಕಲಾವಿದರಿಗೆ ಗೊತ್ತು? ನನಗೂ ಆಗ ಗೊತ್ತಿರಲಿಲ್ಲ.

ಹುಡುಗನಿಗೆ ನಾನು ಕಾಯ್ದೆ ಓದಿ ಹೇಳಲಿಲ್ಲ, ತೋಟದ ಮಾತು ಹೇಳಿದೆ. ನಮ್ಮಲ್ಲಿ ಇನ್ನೊಬ್ಬರ ತೋಟದ ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಯಬೇಕಾದರೆ ಮೊದಲು ಫಸಲು ಗುತ್ತಿಗೆ ಮಾತಾಗಬೇಕು. ಎಷ್ಟು, ಯಾವಾಗ, ಯಾರಿಗೆ ಅಂತ ಮಾತಾದ ಮೇಲೇ ಮರ ಹತ್ತುವುದು. ಹಾಡಿಗೂ ಅಷ್ಟೇ ಸಾಕಿತ್ತು. ಅವನಿಗೆ ಕೂಡಲೇ ಅರ್ಥವಾಯಿತು. ಅವತ್ತೇ ಅತ್ತೆಯ ಹೆಸರು ಹಾಕಿದ.

ಹಾಗಂತ ಅವನ ಕೆಲಸಕ್ಕೆ ಬೆಲೆ ಇಲ್ಲ ಅಂತಲ್ಲ. ಗದ್ದಲದ ಮದುವೆಮನೆಯಲ್ಲಿ ಅಷ್ಟು ಚೆನ್ನಾಗಿ ದನಿ ಹಿಡಿದಿದ್ದ. ಕೂತು ಎಡಿಟ್ ಮಾಡಿದ್ದ. ಸಿಗ್ನಲ್ ಸಿಗದೆ ಗುಡ್ಡ ಹತ್ತಿ ಅಪ್‌ಲೋಡ್ ಮಾಡಿದ್ದ. ಹಾಗಾಗಿ ಮುಂದೆ ಅತ್ತೆಗೆ ಅಂತಲೇ ಚಾನೆಲ್ ಮಾಡುವಾಗ ಅವನನ್ನೇ ಕರೆದೆವು. ಬಂದದ್ದರಲ್ಲಿ ಅತ್ತೆಗೆ 60, ಅವನಿಗೆ 40. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ನಾನು ಲೆಕ್ಕ ಬರೆಯುವವನು.

ರೆಕಾರ್ಡಿಂಗ್ ಶುರು ಮಾಡಿದಾಗ ಮನೆಯಲ್ಲಿ ಎಲ್ಲಿ ಕೂತರೂ ದನಿ ಗುಂಯ್ ಅನ್ನುತ್ತಿತ್ತು. ಕೊನೆಗೆ ಅಡಿಕೆ ಚೀಲ ಪೇರಿಸಿಟ್ಟ ಕೋಣೆ ಸರಿಹೋಯಿತು. ಗೋಣಿಚೀಲ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಹಂಚಿನ ಮೇಲೆ ಬೀಳುವ ಮಳೆಯ ಸದ್ದು, ಸಂಜೆಯಾದರೆ ಜೀರುಂಡೆ. ಅದಕ್ಕೇ ನಮ್ಮ ಕೆಲಸ ಏನಿದ್ದರೂ ನವೆಂಬರಿನಿಂದ ಮೇವರೆಗೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ.

ಈಗ ದುಡ್ಡಿನ ವಿಷಯ. ಎಲ್ಲರೂ ಕೇಳುವುದು ಇದನ್ನೇ, ಹಾಗಾಗಿ ಬಿಚ್ಚಿ ಹೇಳುತ್ತೇನೆ.

ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು. ಇಲ್ಲವಾದರೆ 90 ದಿನದಲ್ಲಿ ಶಾರ್ಟ್ಸ್‌ಗೆ, ಅಂದರೆ ಪುಟ್ಟ ವಿಡಿಯೊಗಳಿಗೆ, 1 ಕೋಟಿ ವೀಕ್ಷಣೆ ಆಗಿರಬೇಕು. ಉದ್ದ ವಿಡಿಯೊದ ಜಾಹೀರಾತಿನಲ್ಲಿ ನಮಗೆ ಶೇ. 55. ಶಾರ್ಟ್ಸ್‌ನ ಲೆಕ್ಕ ಬೇರೆ, ಅದರಲ್ಲಿ ಶೇ. 45. ಈ ದುಡ್ಡಿನ ಲೆಕ್ಕ ಇರುವ ಗೂಗಲ್‌ನ ಆಡ್‌ಸೆನ್ಸ್ ಖಾತೆಯಲ್ಲಿ 10 ಡಾಲರ್ ಆದಾಗ ಗೂಗಲ್ ಒಂದು ಪಿನ್ ಕಳಿಸುತ್ತದೆ. ಅದು ಬರುವುದು ಅಂಚೆಯಲ್ಲಿ! ನಮ್ಮೂರಿಗೆ ಬರಲು ಮೂರು ವಾರ ಹಿಡಿಯಿತು. ವಿಳಾಸದಲ್ಲಿ ಮನೆ ಹೆಸರು ಸರಿಯಾಗಿ ಬರೆಯದಿದ್ದರೆ ಅದು ಸಿಗುವುದೇ ಇಲ್ಲ. ನಾಲ್ಕು ತಿಂಗಳೊಳಗೆ ಆ ಪಿನ್ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. 100 ಡಾಲರ್ ತುಂಬುವವರೆಗೆ ಒಂದು ರೂಪಾಯಿಯೂ ಬ್ಯಾಂಕಿಗೆ ಬರುವುದಿಲ್ಲ.

ಇಲ್ಲಿ ನಮಗೆ ಇನ್ನೊಂದು ತೊಡಕಾಯಿತು. ಅತ್ತೆಯ ಉಳಿತಾಯ ಖಾತೆ ಇದ್ದದ್ದು ಊರಿನ ಸೊಸೈಟಿಯಲ್ಲಿ. ಹೊರದೇಶದ ದುಡ್ಡು ಅಲ್ಲಿಗೆ ಬರುವುದಿಲ್ಲ. ನನ್ನ ಖಾತೆಯನ್ನೇ ಕೊಟ್ಟುಬಿಡೋಣ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಶಿರಸಿಗೆ ಕರೆದುಕೊಂಡು ಹೋಗಿ ಬ್ಯಾಂಕಿನಲ್ಲಿ ಅವರ ಹೆಸರಿಗೇ ಖಾತೆ ತೆರೆಸಿದೆ. ಪಾನ್ ಕಾರ್ಡಿನಲ್ಲಿರುವ ಹೆಸರು, ಬ್ಯಾಂಕಿನ ಹೆಸರು, ಆಡ್‌ಸೆನ್ಸ್ ಹೆಸರು ಮೂರೂ ಒಂದೇ ಇರುವಂತೆ ನೋಡಿಕೊಂಡೆ. ಎರಡು ದಿನ ಓಡಾಟ ಆಯಿತು. ಆದರೆ ಹೆಂಗಸರ ಕೆಲಸದ ದುಡ್ಡು ಗಂಡನ ಖಾತೆಗೋ ಮಗನ ಖಾತೆಗೋ ಹೋಗುವುದು ಅಡಿಕೆ ಸುಲಿಯುವ ಕಾಲದಿಂದ ನೋಡಿಕೊಂಡು ಬಂದದ್ದು. ಹೊಸ ಕೆಲಸದಲ್ಲೂ ಅದೇ ಆಗಬಾರದು ಅಂತ ನನಗೆ ಬಲವಾಗಿ ಅನಿಸಿತ್ತು.

ತೆರಿಗೆಯ ಅರ್ಜಿಯನ್ನೂ ಮರೆಯಬೇಡಿ. ಅಮೆರಿಕದಲ್ಲಿ ಕೂತು ನೋಡಿದವರಿಂದ ಬಂದ ದುಡ್ಡಿಗೆ ಅಲ್ಲಿನ ತೆರಿಗೆ ಹಿಡಿಯುತ್ತಾರೆ. ಭಾರತ ಮತ್ತು ಅಮೆರಿಕದ ಒಪ್ಪಂದದ ಪ್ರಕಾರ ಅದು ಶೇ. 15. ಅರ್ಜಿ ತುಂಬದೆ ಬಿಟ್ಟರೆ ಎಲ್ಲ ದೇಶದ ಗಳಿಕೆಯ ಮೇಲೂ ಶೇ. 24ರವರೆಗೆ ಹೋಗಬಹುದು. ನಮ್ಮ ಕಡೆಯವರು ಅಮೆರಿಕದಲ್ಲಿ ಜಾಸ್ತಿ ಇದ್ದಾರೆ, ಇಂಥ ಹಾಡು ನೋಡುವವರೂ ಅವರೇ.

ಇಷ್ಟೆಲ್ಲ ಮಾಡಿ ಮೊದಲ 100 ಡಾಲರ್ ಆಗಲು ನಮಗೆ 11 ತಿಂಗಳು ಬೇಕಾಯಿತು. ಅದನ್ನು ಹಂಚಿಕೊಂಡರೆ ಯಾರ ಕೈಗೂ ಜಾಸ್ತಿ ಉಳಿಯುವುದಿಲ್ಲ. ವೀಕ್ಷಣೆ ನೋಡಿ ಹಿಗ್ಗಬಹುದು, ಆದರೆ ವೀಕ್ಷಣೆಯಿಂದ ಮನೆ ನಡೆಯುವುದಿಲ್ಲ. ನಾನು ಆ 11 ತಿಂಗಳು ದಿನಾ ಬೆಳಿಗ್ಗೆ ಎದ್ದು ಎಣಿಕೆ ನೋಡಿದವನು.

ಆಮೇಲೆ ದಾರಿ ಬದಲಾದದ್ದು ಅಂಗಳದಲ್ಲಿ. ಅಡಿಕೆ ಒಣಗಿಸುತ್ತ ಕೂತಿದ್ದಾಗ ಹೊಳೆಯಿತು. ಒಂದೇ ಮರದ ಕೊನೆ. ಹಸಿರಿದ್ದಾಗಲೇ ಕೊಯ್ದು ಸುಲಿದು ಬೇಯಿಸಿದರೆ ಕೆಂಪಡಿಕೆ. ಹಣ್ಣಾಗಲು ಬಿಟ್ಟು ಸಿಪ್ಪೆ ಸಮೇತ ಒಣಗಿಸಿದರೆ ಚಾಲಿ. ಒಂದೊಂದಕ್ಕೂ ಮಂಡಿಯಲ್ಲಿ ಬೇರೆ ದರ, ಬೇರೆ ಗಿರಾಕಿ. ಎಲ್ಲವನ್ನೂ ಒಂದೇ ರೂಪದಲ್ಲಿ ಒಬ್ಬನಿಗೇ ಹಾಕುತ್ತೇನೆ ಅಂತ ಯಾವ ರೈತನೂ ಕೂರುವುದಿಲ್ಲ. ಹಾಡನ್ನು ಮಾತ್ರ ನಾವು ಯಾಕೆ ವಿಡಿಯೊ ಮಾಡಿ ಒಂದೇ ಕಡೆ ಸುರಿಯುತ್ತಿದ್ದೇವೆ?

ಅಲ್ಲಿಂದ ಒಂದೊಂದೇ ಮಾಡಿ ನೋಡಿದೆವು. ದನಿಯನ್ನಷ್ಟೇ ತೆಗೆದು ವಿತರಕರ ಮೂಲಕ ಹಾಡು ಕೇಳುವ ಆ್ಯಪ್ ಸ್ಪಾಟಿಫೈಗೆ ಹಾಕಿದೆವು. ಅಲ್ಲಿ 2024ರಿಂದ ಒಂದು ನಿಯಮ ಇದೆ. ಒಂದು ಹಾಡನ್ನು 12 ತಿಂಗಳಲ್ಲಿ 1,000 ಸಲ ಕೇಳಿರದಿದ್ದರೆ ಅದಕ್ಕೆ ಏನೂ ಕೊಡುವುದಿಲ್ಲ. ನಮ್ಮ 23 ಹಾಡಿನಲ್ಲಿ ನಾಲ್ಕು ಮಾತ್ರ ಆ ಗಡಿ ದಾಟಿದವು. ಹೋಗಲಿ. ಆದರೆ ಅಲ್ಲಿ ಅತ್ತೆಯ ಹೆಸರಲ್ಲಿ ಹಾಡು ಇರುವುದೇ ಒಂದು ದಾಖಲೆ. ಒಂದು ಸಲ ಯಾವುದೋ ಸಂಗೀತ ಕಂಪನಿ ನಮ್ಮ ಆರತಿ ಹಾಡನ್ನು ತನ್ನದು ಅಂತ ಯೂಟ್ಯೂಬಿನಲ್ಲಿ ಕ್ಲೇಮ್ ಹಾಕಿತ್ತು. ನಾವು ತಕರಾರು ಹಾಕಿದೆವು. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಕೊಡಲಿಲ್ಲ, ಕ್ಲೇಮ್ ತಾನಾಗಿ ಬಿದ್ದುಹೋಯಿತು. ಇಂಥ ಕ್ಲೇಮ್ ಬಂದಾಗ ಎಷ್ಟೋ ಜನ ಹೆದರಿ ವಿಡಿಯೊ ಅಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಸಾಹಿತ್ಯ ಪರಂಪರೆಯದ್ದು, ದನಿ ನಿಮ್ಮದು ಅಂತಾದರೆ ತಕರಾರು ಹಾಕಿ.

ಆಮೇಲೆ 42 ಹಾಡಿನ ಸಾಹಿತ್ಯವನ್ನು ಸಣ್ಣ ಪುಸ್ತಕ ಮಾಡಿದೆವು. ಪ್ರತಿ ಹಾಡಿನ ಕೆಳಗೆ ಒಂದು ಕ್ಯೂಆರ್ ಕೋಡ್. ಫೋನ್ ಹಿಡಿದರೆ ಅತ್ತೆಯ ದನಿ ಕೇಳುತ್ತದೆ. 300 ಪ್ರತಿ, ಒಂದಕ್ಕೆ 120 ರೂಪಾಯಿ. ಯುಪಿಐನಲ್ಲಿ ದುಡ್ಡು ಹಾಕಿದವರಿಗೆ ಅಂಚೆಯಲ್ಲಿ ಕಳಿಸಿದೆವು. ಮದುವೆ ಇರುವ ಮನೆಯವರು ಐದು, ಹತ್ತು ಅಂತ ಒಟ್ಟಿಗೇ ತರಿಸಿಕೊಂಡರು. ಒಂದೂವರೆ ವರ್ಷದಲ್ಲಿ ಖಾಲಿ.

ನಿಜವಾಗಿ ಕೈ ಹಿಡಿದದ್ದು ಪಾಠ. ಪುಸ್ತಕ ತರಿಸಿಕೊಂಡ ಬೆಂಗಳೂರಿನ ಒಬ್ಬರು 'ನಮಗೆ ಧಾಟಿ ಹೇಳಿಕೊಡ್ತೀರಾ?' ಅಂತ ಕೇಳಿದರು. ಈಗ ಭಾನುವಾರ ಬೆಳಿಗ್ಗೆ 7 ಗಂಟೆಗೆ ಅತ್ತೆ ಫೋನಿನ ಮುಂದೆ ಕೂರುತ್ತಾರೆ. ಕ್ಯಾಲಿಫೋರ್ನಿಯಾದವರಿಗೆ ಆಗ ಶನಿವಾರ ಸಂಜೆ. ಎಂಟು ಪಾಠಕ್ಕೆ ಒಬ್ಬರಿಗೆ 2,000 ರೂಪಾಯಿ, ಒಂದು ತಂಡದಲ್ಲಿ ಏಳು ಜನ. ವರ್ಷವಿಡೀ ಜಾಹೀರಾತಿನಿಂದ ಬಂದದ್ದಕ್ಕಿಂತ ಒಂದು ತಂಡದ ಪಾಠದಿಂದ ಬಂದದ್ದು ಜಾಸ್ತಿ. ಲಕ್ಷ ಜನ ನೋಡಿದ್ದಕ್ಕೆ ಸಿಗದ್ದು ಏಳು ಜನ ಕಲಿತದ್ದಕ್ಕೆ ಸಿಕ್ಕಿತು. ನಡುವೆ ಯಾರ ಕಮಿಷನ್ನೂ ಇಲ್ಲ. ಯೂಟ್ಯೂಬ್ ಬೇಡ ಅಂತ ನಾನು ಹೇಳುವುದಿಲ್ಲ. ಅದು ಮನೆಯ ಜಗಲಿ ಇದ್ದ ಹಾಗೆ. ದಾರಿಯಲ್ಲಿ ಹೋಗುವವರು ಅಲ್ಲಿ ಕೂತು ಮಾತಾಡುತ್ತಾರೆ. ಊಟಕ್ಕೆ ಎಲೆ ಹಾಕುವುದು ಒಳಗೆ.

ಕುಮಟಾದಲ್ಲಿರುವ ನನ್ನ ತಮ್ಮ, ಚಿಕ್ಕಪ್ಪನ ಮಗ, ಫೋಟೊ ತೆಗೆಯುತ್ತಾನೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು, ಅಂದರೆ ಚಿಪ್ಪಿಮೀನು, ಹೆಕ್ಕುವವರದು, ಯಾಣದ ಬಂಡೆ, ಬೇಲೆಕಾನದ ಸಂಜೆ. ಅವನು ಚಿತ್ರಗಳನ್ನು ಫೋಟೊ ಮಾರುವ ಜಾಲತಾಣಗಳಾದ ಶಟರ್‌ಸ್ಟಾಕ್‌ಗೆ ಮತ್ತು ಅಡೋಬಿ ಸ್ಟಾಕ್‌ಗೆ ಹಾಕುತ್ತಾನೆ. ಶಟರ್‌ಸ್ಟಾಕ್‌ನಲ್ಲಿ ಪಾಲು ಶೇ. 15ರಿಂದ ಶುರುವಾಗಿ 40ರವರೆಗೆ ಹೋಗುತ್ತದೆ, ಆದರೆ ಪ್ರತಿ ಜನವರಿ 1ಕ್ಕೆ ಎಲ್ಲರೂ ಮತ್ತೆ ಮೊದಲ ಮೆಟ್ಟಿಲಿಗೆ. ಕೆಲವು ಸಲ ಒಂದು ಚಿತ್ರಕ್ಕೆ 10 ಸೆಂಟ್ ಬರುತ್ತದೆ. ಅಡೋಬಿಯಲ್ಲಿ ಫೋಟೊಗೆ ಶೇ. 33. ಮುಖ ಕಾಣುವ ಚಿತ್ರವನ್ನು ಜಾಹೀರಾತಿಗೆ ಮಾರಬೇಕಾದರೆ ಅವರ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಇದು ನನಗೆ ತುಂಬ ಇಷ್ಟವಾದ ನಿಯಮ. ಬಳಚು ಹೆಕ್ಕುವ ಅಮ್ಮನ ಹತ್ತಿರ ಹೋಗಿ, ಏನಕ್ಕೆ ಅಂತ ವಿವರಿಸಿ, ಸಹಿ ತಗೊಂಡು ಬರಬೇಕು. ಅವನಿಗೂ ನಿಯಮಿತವಾಗಿ ದುಡ್ಡು ಬರುತ್ತಿರುವುದು ಆ ಸಂಸ್ಥೆಗಳಿಂದ ಅಲ್ಲ. ಹೋಂಸ್ಟೇಗಳ ಗೋಡೆಗೆ ಅವನೇ ದೊಡ್ಡದಾಗಿ ಮುದ್ರಿಸಿ ಕೊಡುವ ಚಿತ್ರಗಳಿಂದ.

ಬರೆಯುವವರಿಗೆ ದಾರಿ ಇನ್ನೂ ಕಿರಿದು. ಅಮೆಜಾನ್ 2016ರಲ್ಲಿ ತನ್ನ ಇ-ಪುಸ್ತಕದ ಕಿಂಡಲ್‌ಗೆ ಭಾರತದ ಐದು ಭಾಷೆ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಅದು ನನಗೆ ಇವತ್ತಿಗೂ ನೋವು. ಕನ್ನಡ ಓದಲು ಪ್ರತಿಲಿಪಿ, ಮೈಲ್ಯಾಂಗ್‌ನಂಥ ಆ್ಯಪ್‌ಗಳು ಇವೆಯಲ್ಲ ಎನ್ನುವುದೇ ಸಮಾಧಾನ.

ನಮ್ಮ ಜಿಲ್ಲೆಯನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅಂಕೋಲೆಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡರು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಆ ದನಿ ಎಷ್ಟು ಜನರ ಫೋನಿನಲ್ಲಿದೆ! ಹೊನ್ನಾವರ ಸೀಮೆಯ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತವನ್ನು ಅವರು ಹೋಗಿ ಇಷ್ಟು ವರ್ಷವಾದರೂ ಜನ ಹುಡುಕಿ ನೋಡುತ್ತಾರೆ. ಯಕ್ಷಗಾನದ ಆಟ ನಡೆಯುವ ಬಯಲಲ್ಲಿ ಈಗ ಮುಂದಿನ ಸಾಲಿನ ತುಂಬ ಫೋನುಗಳು. ಪದ್ಯ ಮುಗಿಯುವ ಮೊದಲೇ ಅದರ ತುಣುಕು ಮೇಲೆ ಹೋಗಿರುತ್ತದೆ. ಭಾಗವತರಿಗೆ, ಮದ್ದಳೆಯವರಿಗೆ ಅದರಿಂದ ಏನು ಬಂತು? ಕೊರೊನಾ ಸಮಯದಲ್ಲಿ ಮೇಳ ನಿಂತಾಗ, ವೇಷ ಇಲ್ಲದೆ ಕೂತು ಮಾಡುವ ತಾಳಮದ್ದಳೆಯನ್ನು ನೇರಪ್ರಸಾರ ಮಾಡಿ ಪರದೆಯ ಕೆಳಗೆ ಯುಪಿಐ ಸಂಖ್ಯೆ ಹಾಕಿದ್ದನ್ನು ನಾನು ನೋಡಿದ್ದೇನೆ, ದುಡ್ಡನ್ನೂ ಹಾಕಿದ್ದೇನೆ. ಅದು ಯಾಕೆ ಆ ಕಾಲಕ್ಕೇ ಮುಗಿಯಬೇಕು? ಇವತ್ತಿನ ತುಣುಕಿನ ಕೆಳಗೂ ಕಲಾವಿದರ ಹೆಸರು, ಅವರ ಯುಪಿಐ ಸಂಖ್ಯೆ ಹಾಕಲು ಎರಡು ನಿಮಿಷ ಸಾಕು.

ಇನ್ನು 'ತಿಂಗಳಿಗೆ 50 ಸಾವಿರ ಗಳಿಸಿ' ಅಂತ ಕೋರ್ಸ್ ಮಾರುವವರಿದ್ದಾರೆ. ನಮ್ಮೂರಿನ ಮೂರು ಹುಡುಗರು ದುಡ್ಡು ಕಟ್ಟಿ ಬಂದರು. ಅಲ್ಲಿ ಕಲಿಸಿದ್ದು ಬೇರೆಯವರ ವಿಡಿಯೊ ಕತ್ತರಿಸಿ ಹಾಕುವುದು, ಎಐನಿಂದ ದಿನಕ್ಕೆ ಹತ್ತು ದೇವರ ವಿಡಿಯೊ ಮಾಡುವುದು. ಯೂಟ್ಯೂಬ್ 2025ರ ಜುಲೈ 15ರಿಂದ ಇಂಥದ್ದರ ಬಗ್ಗೆ ಇದ್ದ ನಿಯಮವನ್ನು ಇನ್ನೂ ಸ್ಪಷ್ಟ ಮಾಡಿದೆ. ರಾಶಿಗಟ್ಟಲೆ ಒಂದೇ ಅಚ್ಚಿನಲ್ಲಿ ಮಾಡಿದ್ದಕ್ಕೆ ದುಡ್ಡು ಕೊಡುವುದಿಲ್ಲ. ಆ ಹುಡುಗರಲ್ಲಿ ಒಬ್ಬನಿಗೆ ಚಂಡೆ ಬರುತ್ತದೆ. ಚೆನ್ನಾಗಿ ಬಾರಿಸುತ್ತಾನೆ. ಅವನಿಗೆ ಹೇಳಿದೆ, ಮಾರಾಯ, ನಿನ್ನ ಕೈಯಲ್ಲೇ ಇದೆಯಲ್ಲ, ಅದನ್ನೇ ಕಲಿಸು ಅಂತ. ಹೋದ ತಿಂಗಳು ಮೊದಲ ಇಬ್ಬರು ಶಿಷ್ಯರು ಸಿಕ್ಕಿದ್ದಾರೆ, ಒಬ್ಬರು ಪುಣೆಯವರು.

ಈ ವಾರ ಮತ್ತೆ ರೆಕಾರ್ಡಿಂಗ್ ಇದೆ. ಅತ್ತೆ ಲೆಕ್ಕ ಹಾಕಿದ ಪ್ರಕಾರ ಇನ್ನೂ 60 ಹಾಡು ಬಾಕಿ. ಅದರಲ್ಲಿ ಕೆಲವು ಅವರೊಬ್ಬರಿಗೇ ಗೊತ್ತಿರುವಂಥವು. ಜೂನ್ ಹತ್ತಿರ ಬಂತು. ನಿನ್ನೆ ಸಂಜೆ ಫೋನ್ ಮಾಡಿ, 'ಮಳೆ ಹಿಡಿಯದ್ರೊಳಗೆ ಮುಗ್ಸನ ತಮಾ' ಅಂದರು. ಹುಡುಗ ಮೈಕು ಹಿಡಿದುಕೊಂಡು ನಾಳೆ ಎರಡು ಗಂಟೆಗೆ ಬರುತ್ತಾನೆ. ಅಡಿಕೆ ಚೀಲಗಳನ್ನು ಮಂಡಿಗೆ ಸಾಗಿಸುವುದನ್ನು ಅಪ್ಪ ಒಂದು ವಾರ ಮುಂದಕ್ಕೆ ಹಾಕಿದ್ದಾರೆ.