ಕೆನಡಾದ ಮೂರು ತಿಂಗಳ ಟೀಚರ್ ಕೋರ್ಸ್: ಆ ಮೆಸೇಜ್ ನಂಬಬೇಡಿ

ಗೋಣಿಕೊಪ್ಪದ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಾರದಿಂದ ಒಂದು ಮೆಸೇಜ್ ಸುತ್ತುತ್ತಿದೆ. ಮನೆಯಲ್ಲೇ ಕೂತು ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮುಗಿಸಿದರೆ ಕೆನಡಾದ ಒಂಟಾರಿಯೋದಲ್ಲಿ ಪುಟ್ಟ ಮಕ್ಕಳ ಟೀಚರ್ ಆಗಬಹುದಂತೆ, ಸರ್ಟಿಫಿಕೇಟನ್ನು ಅಲ್ಲಿನ ‘ಕಾಲೇಜ್ ಆಫ್ ಅರ್ಲಿ ಚೈಲ್ಡ್‌ಹುಡ್ ಎಜುಕೇಟರ್ಸ್’ ಕೊಡುತ್ತದಂತೆ. ಸುಳ್ಳು.

ಆ ಹೆಸರಿನ ಸಂಸ್ಥೆ ಇರುವುದೇನೋ ನಿಜ. ಆದರೆ ಹೆಸರಲ್ಲಿ ಮಾತ್ರ ಕಾಲೇಜು, ಪಾಠ ಮಾಡುವುದಿಲ್ಲ. ನಮ್ಮಲ್ಲಿ ವಕೀಲರಿಗೆ ಬಾರ್ ಕೌನ್ಸಿಲ್ ಇದ್ದ ಹಾಗೆ, ಅದು 2007ರ ಕಾಯ್ದೆಯಿಂದ ಹುಟ್ಟಿದ ನೋಂದಣಿ ಸಂಸ್ಥೆ. ಓದುವುದು ಸಮುದಾಯ ಕಾಲೇಜುಗಳಲ್ಲಿ. ಡಿಪ್ಲೊಮಾಗೆ ಸಾಮಾನ್ಯವಾಗಿ 2 ವರ್ಷ ಬೇಕು, ಅದರ ನಡುವೆ ಶಿಶುಪಾಲನಾ ಕೇಂದ್ರಗಳಿಗೆ ಹೋಗಿ ಮಕ್ಕಳ ಜೊತೆ ಕೆಲಸ ಮಾಡಲೇಬೇಕು. ಅಳುತ್ತಾ ಬಾಗಿಲು ಹಿಡಿದು ನಿಂತ ಮಗುವನ್ನು ಸಮಾಧಾನ ಮಾಡುವುದನ್ನು ಮೊಬೈಲ್ ನೋಡಿ ಕಲಿಯೋಕಾಗುತ್ತಾ? ಓದು ಮುಗಿದ ಮೇಲೆ ನೋಂದಣಿ ಮಾಡಿಸಿಕೊಳ್ಳದೆ ‘ಅರ್ಲಿ ಚೈಲ್ಡ್‌ಹುಡ್ ಎಜುಕೇಟರ್’ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ. ಬೇರೆ ದೇಶದಲ್ಲಿ ಓದಿದವರು ಅರ್ಜಿ ಹಾಕಬಹುದು, ಆದರೆ ಅವರ ಓದನ್ನು ಪರಿಶೀಲಿಸಿಯೇ ಒಪ್ಪುತ್ತಾರೆ.

ಇಲ್ಲೇ ಕಲಿಯುತ್ತೇನೆ ಅನ್ನುವವರಿಗೂ ಒಂದು ಮಾತು. ಶಿಕ್ಷಕರ ತರಬೇತಿಯ ನಿಯಮ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇಯ ನಿಯಮದ ಪೂರ್ವ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ ಕೂಡ 2 ವರ್ಷದ್ದೇ, ಪಿಯುಸಿಯಲ್ಲಿ ಶೇ. 50 ಅಂಕ ಬೇಕು, ಮೀಸಲಾತಿ ಇರುವವರಿಗೆ ಸಡಿಲಿಕೆ ಉಂಟು.

ಮೆಸೇಜಿನ ಕೊನೆಯಲ್ಲಿ ಸೀಟ್ ಹಿಡಿಯಲು ಮುಂಗಡ ಕೇಳಿದ್ದಾರೆ, ನೋಡಿದ್ರಾ? ಕಾಫಿ ಮಾರಿದ ದುಡ್ಡು ಸುಮ್ನೆ ಅಲ್ಲಿಗೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.